ಹದಿನೇಳರ ಮಕ್ಕಳ ಮುಂದೆ 1945

ಪ್ರಥಮ ಪಿಯುಸಿಯ ಇತಿಹಾಸದಲ್ಲಿ ಎರಡನೆಯ ಮಹಾಯುದ್ಧಕ್ಕೆ ಸಿಗುವುದು ಕೆಲವೇ ಪುಟ. ಕಾರಣಗಳು, ಮುಖ್ಯ ಘಟನೆಗಳು, ಪರಿಣಾಮಗಳು. ಪರೀಕ್ಷೆಗೆ ಅಷ್ಟು ಸಾಕು. ಆದರೆ ನಾನು ಪಾಠ ಮಾಡುವುದು ಕೊಡಗಿನಲ್ಲಿ. ಇಲ್ಲಿ ಸೈನ್ಯವೆಂದರೆ ಪುಸ್ತಕದ ವಿಷಯವಲ್ಲ, ಮನೆಯ ವಿಷಯ. ಎಷ್ಟೋ ಐನ್‌ಮನೆಗಳ, ಅಂದರೆ ಕೊಡವ ಕುಟುಂಬಗಳ ಮೂಲಮನೆಗಳ, ಗೋಡೆಯಲ್ಲಿ ಸಮವಸ್ತ್ರ ತೊಟ್ಟ ಹಿರಿಯರ ಭಾವಚಿತ್ರಗಳಿವೆ. ಮಕ್ಕಳನ್ನು ಆಗಸ್ಟ್ 15ರಂದು ವೇದಿಕೆಗೆ ಕರೆದರೆ ವೀರ ಯೋಧರು, ಬಲಿದಾನ, ಋಣ ಎಂಬ ಮಾತುಗಳು ತಡವರಿಸದೆ ಬರುತ್ತವೆ. ಆ ಯೋಧನಿಗೆ ಎಷ್ಟು ವಯಸ್ಸಾಗಿತ್ತು, ಅವನನ್ನು ಕಳುಹಿಸಿದವರು ಯಾರು, ಹೋಗಲು ಅವನಿಗೆ ಮನಸ್ಸಿತ್ತೇ ಎಂದು ಕೇಳಿದರೆ ಮಾತ್ರ ತರಗತಿ ಸುಮ್ಮನಾಗುತ್ತದೆ.

ಈ ಸುಮ್ಮನಿರುವಿಕೆಯನ್ನು ಮುರಿಯಬೇಕೆಂದು ಹೊರಟಾಗ ನನ್ನ ನೆರವಿಗೆ ಬಂದದ್ದು ಸಿನಿಮಾ. ಅದರಲ್ಲೂ ಒಂದು ವಿಶೇಷ ಬಗೆಯ ಸಿನಿಮಾ: ಇಂದಿನ ಹುಡುಗನೋ ಹುಡುಗಿಯೋ ಹೇಗೋ ಕಾಲ ದಾಟಿ ಹಿಂದಿನ ಯುದ್ಧದ ನಡುವೆ ಹೋಗಿ ಬೀಳುವ ಕತೆ. ರಷ್ಯಾದಲ್ಲೂ ಜಪಾನಿನಲ್ಲೂ ಇಂಥ ಕತೆಗಳಿಗೆ ದೊಡ್ಡ ಪ್ರೇಕ್ಷಕವರ್ಗವಿದೆ. ಎರಡೂ ದೇಶಗಳಲ್ಲಿ ಈ ಸಿನಿಮಾಗಳ ಉದ್ದೇಶ ಬಹುಮಟ್ಟಿಗೆ ಒಂದೇ. ಯುದ್ಧ ಕಂಡವರು ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದಾರೆ, ಅವರು ಪಟ್ಟದ್ದು ಏನೆಂದು ಎಳೆಯರಿಗೆ ಹೇಗೆ ತಿಳಿಸುವುದು? ಅಜ್ಜಿಯ ಬಾಯಿಂದ ಕೇಳಿ ತಿಳಿಯುವ ಕಾಲ ಮುಗಿಯುತ್ತಿದೆ. ಹಾಗಾಗಿ ಮೊಮ್ಮಗಳನ್ನೇ ಅಲ್ಲಿಗೆ ಕಳುಹಿಸುತ್ತಾರೆ.

ಸಾಮಾನ್ಯ ಯುದ್ಧ ಸಿನಿಮಾಗಳನ್ನೂ ಸಾಕ್ಷ್ಯಚಿತ್ರಗಳನ್ನೂ ನಾನು ತರಗತಿಯಲ್ಲಿ ತೋರಿಸಿದ್ದೇನೆ. ಅವುಗಳಲ್ಲಿ ಎಲ್ಲರೂ ಆ ಕಾಲದವರೇ. ಅವರ ನಂಬಿಕೆ, ಅವರ ಭಯ, ಅವರ ಮೌನ ಎಲ್ಲವೂ ಅವರಿಗೆ ಸಹಜ, ನಮ್ಮ ಮಕ್ಕಳಿಗೆ ದೂರ. ಕಾಲ ದಾಟಿ ಹೋದವನು ಹಾಗಲ್ಲ. ಅವನು ಮೊಬೈಲ್ ಹುಡುಕುತ್ತಾನೆ, ಹಸಿವೆ ಎನ್ನುತ್ತಾನೆ, ಇದೆಲ್ಲ ಯಾರದೋ ನಾಟಕವೆಂದು ತಿಳಿಯುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಕಾಲದವರು ಬಾಯಿಬಿಟ್ಟು ಕೇಳಲಾಗದ ಪ್ರಶ್ನೆಯನ್ನು ಅವನು ಕೇಳಿಬಿಡುತ್ತಾನೆ: ನೀವು ಯಾಕೆ ಸಾಯಬೇಕು? ನನ್ನ ಇಡೀ ಕೆಲಸ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಕಾಲಯಾನವಿದ್ದ ಮಾತ್ರಕ್ಕೆ ಎಲ್ಲ ಸಿನಿಮಾಗಳೂ ಇದಕ್ಕೆ ಒದಗುವುದಿಲ್ಲ. 1980ರ ಅಮೆರಿಕದ ಒಂದು ಪ್ರಸಿದ್ಧ ಚಿತ್ರದಲ್ಲಿ ಆಧುನಿಕ ವಿಮಾನವಾಹಕ ನೌಕೆಯೊಂದು ಪರ್ಲ್ ಹಾರ್ಬರ್ ದಾಳಿಯ ಹಿಂದಿನ ದಿನಕ್ಕೆ ಹೋಗಿ ಬರುತ್ತದೆ. ನೋಡಲು ರೋಚಕ. ಆದರೆ ಅಲ್ಲಿ ಕಾಲ ದಾಟುವುದು ಯಂತ್ರ, ಮನಸ್ಸಲ್ಲ. ನನಗೆ ಬೇಕಾದದ್ದು ಹದಿನೇಳು ಹದಿನೆಂಟರ, ಸ್ವಲ್ಪ ಒರಟಾದ, ಮನೆಯವರೊಡನೆ ಜಗಳವಾಡುವ ಪಾತ್ರ. ಹುಡುಕಿ ಎರಡು ಸಿನಿಮಾ ಆರಿಸಿಕೊಂಡೆ.

ಒಂದು 2008ರ ರಷ್ಯನ್ ಚಿತ್ರ, ಆಂದ್ರೆಯ್ ಮಲ್ಯುಕೊವ್ ನಿರ್ದೇಶನದ್ದು. ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ನಾವು ಭವಿಷ್ಯದಿಂದ ಬಂದವರು’. ಸೇಂಟ್ ಪೀಟರ್ಸ್‌ಬರ್ಗಿನ ನಾಲ್ವರು ಹುಡುಗರು ಹಳೆಯ ರಣಭೂಮಿಗಳನ್ನು ಅಗೆದು ಸಿಕ್ಕ ಪದಕ, ಪಿಸ್ತೂಲುಗಳನ್ನು ಮಾರಿ ಹಣ ಮಾಡುವವರು. ಒಬ್ಬನ ತೋಳಿನಲ್ಲಿ ಸ್ವಸ್ತಿಕದ ಹಚ್ಚೆ, ಅದೂ ನಾಜಿಗಳು ಮುತ್ತಿಗೆ ಹಾಕಿ ಹಸಿವಿನಿಂದ ಕೊಂದ ನಗರದಲ್ಲಿ ಹುಟ್ಟಿದವನ ತೋಳಿನಲ್ಲಿ. ಅಗೆತದಲ್ಲಿ ಅವರಿಗೆ ಸೈನಿಕರ ಗುರುತಿನ ಪುಸ್ತಕಗಳು ಸಿಗುತ್ತವೆ. ಒಳಗಿರುವುದು ಅವರದೇ ಹೆಸರು, ಅವರದೇ ಭಾವಚಿತ್ರ. ಬೆಚ್ಚಿಬಿದ್ದವರು ಪಕ್ಕದ ಕೆರೆಗೆ ಧುಮುಕಿ ಮೇಲೇಳುವಷ್ಟರಲ್ಲಿ 1942ರ ಆಗಸ್ಟ್.

ಇನ್ನೊಂದು 2023ರ ಡಿಸೆಂಬರಿನಲ್ಲಿ ತೆರೆಕಂಡ ಜಪಾನೀ ಚಿತ್ರ. ನಿರ್ದೇಶಕ ನರಿತಾ ಯೊಇಚಿ, ಮೂಲ ಶಿಯೊಮಿ ನತ್ಸುಎ ಅವರ ಕಾದಂಬರಿ. ಉದ್ದದ ಹೆಸರು: ‘ಆ ಹೂವು ಅರಳುವ ಗುಡ್ಡದಲ್ಲಿ ನಿನ್ನನ್ನು ಮತ್ತೆ ಕಂಡರೆ’. ಅಪ್ಪನಿಲ್ಲದ, ಅಮ್ಮನ ದುಡಿಮೆಯ ಬಗ್ಗೆ ನಾಚಿಕೆಯಿರುವ ಯುರಿ ಎಂಬ ಹೈಸ್ಕೂಲು ಹುಡುಗಿ ಜಗಳವಾಡಿ ಮನೆಬಿಟ್ಟು ಹಳೆಯ ಬಾಂಬುದಾಳಿ ಆಶ್ರಯದ ಗುಹೆಯಲ್ಲಿ ಮಲಗುತ್ತಾಳೆ. ಏಳುವಾಗ 1945ರ ಜೂನ್. ಅವಳನ್ನು ಕಾಪಾಡುವ ಅಕಿರಾ ಕೆಲವೇ ದಿನಗಳಲ್ಲಿ ಬಾಂಬು ಹೊತ್ತ ವಿಮಾನವನ್ನು ಶತ್ರುನೌಕೆಗೆ ಅಪ್ಪಳಿಸಿ ಸಾಯಲು ಹೊರಡಬೇಕಾದ ಯುವಕ. ಜಪಾನಿನಲ್ಲಿ ಈ ಚಿತ್ರಕ್ಕೆ ಹದಿಹರೆಯದವರು ಗುಂಪುಗುಂಪಾಗಿ ಹೋದರು, ಅತ್ತು ಹೊರಬಂದರು.

ಮೊದಲು ರಷ್ಯನ್ ಚಿತ್ರ, ಆಮೇಲೆ ಜಪಾನೀ ಚಿತ್ರ. ಈ ಕ್ರಮವನ್ನು ನಾನು ಬದಲಿಸುವುದಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ.

ಸಿನಿಮಾಕ್ಕೆ ಮೊದಲು ಭಾಷಣ ಮಾಡುವುದಿಲ್ಲ. ಗೋಡೆಗೆ ಒಂದು ನಕ್ಷೆ ಹಾಕಿ, ಇಂದು ಸೇಂಟ್ ಪೀಟರ್ಸ್‌ಬರ್ಗ್ ಎನ್ನುವ ಅಂದಿನ ಲೆನಿನ್‌ಗ್ರಾಡ್ ಎಲ್ಲಿದೆ, ಲಡೋಗಾ ಸರೋವರ ಎಲ್ಲಿದೆ, ನಡುವೆ ಜರ್ಮನರು ಎಲ್ಲಿ ಕುಳಿತಿದ್ದರು ಎಂದು ತೋರಿಸುತ್ತೇನೆ. 1941ರ ಸೆಪ್ಟೆಂಬರಿನಿಂದ 1944ರ ಜನವರಿಯವರೆಗೆ ಆ ನಗರ ಮುತ್ತಿಗೆಯಲ್ಲಿತ್ತು, ಮೊದಲ ಚಳಿಗಾಲದ ಅತಿ ಕೆಟ್ಟ ವಾರಗಳಲ್ಲಿ ಮಕ್ಕಳಿಗೆ ಸಿಗುತ್ತಿದ್ದದ್ದು ದಿನಕ್ಕೆ 125 ಗ್ರಾಂ ಬ್ರೆಡ್ಡು ಎಂದು ಹೇಳುತ್ತೇನೆ. ಸಿನ್ಯಾವಿನೊ ಎಂಬ ಜೌಗುನೆಲದಲ್ಲಿ ಮತ್ತೆ ಮತ್ತೆ ನಡೆದ ದಾಳಿಗಳೆಲ್ಲ ಆ ಉರುಳನ್ನು ಬಿಡಿಸಲು ಎಂಬುದಿಷ್ಟು ಗೊತ್ತಾದರೆ ಸಾಕು. ಆಮೇಲೆ ಕಿಟಕಿಗಳಿಗೆ ಕಂಬಳಿ ಕಟ್ಟಿ ಪ್ರೊಜೆಕ್ಟರ್ ಹಚ್ಚುತ್ತೇವೆ. ಮಳೆಗಾಲದಲ್ಲಿ ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ಧ್ವನಿವರ್ಧಕ ಇಟ್ಟರೂ ಅರ್ಧ ಕೇಳಿಸುವುದಿಲ್ಲ. ಹೇಗಿದ್ದರೂ ಭಾಷೆ ರಷ್ಯನ್, ಓದಬೇಕಾದದ್ದು ಅಡಿಬರಹ. ಇಂಗ್ಲಿಷ್ ಅಡಿಬರಹ ವೇಗವಾಗಿ ಓದಲಾಗದವರಿಗಾಗಿ ಮುಖ್ಯ ಸಂಭಾಷಣೆಗಳನ್ನು ಮೊದಲೇ ಕನ್ನಡದಲ್ಲಿ ಬರೆದು ಒಂದು ಹಾಳೆಯಲ್ಲಿ ಹಂಚುತ್ತೇನೆ. ಚಿತ್ರವನ್ನು ನಡುವೆ ನಿಲ್ಲಿಸುವುದಿಲ್ಲ. ಮೊದಲ ಸಲ ನೋಡುವಾಗ ಮೇಷ್ಟರ ಸ್ವರ ಕೇಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹುಡುಗರು ಆರಂಭದಲ್ಲಿ ನಗುತ್ತಾರೆ. ಚಿತ್ರದ ನಾಲ್ವರ ಪೋಕರಿತನ ಅವರಿಗೆ ಇಷ್ಟ. ಕಂದಕಕ್ಕೆ ಬಿದ್ದ ಮೇಲೆ ನಗು ನಿಲ್ಲುತ್ತದೆ. ಯಾಕೆಂದರೆ ಆ ನಾಲ್ವರೂ ಮೊದಲು ಯೋಚಿಸುವುದು ತಪ್ಪಿಸಿಕೊಳ್ಳುವುದನ್ನೇ. ಅವರ ಜೊತೆ ಇರುವ 1942ರ ಹುಡುಗರಿಗೆ ವಾಪಸು ಹೋಗಲು ಕೆರೆಯಿಲ್ಲ.

ಚಿತ್ರ ಮುಗಿದ ಮರುದಿನ ಚೀಟಿಯ ಕೆಲಸ. ಸೋವಿಯತ್ ಸೈನಿಕನ ಬಳಿ ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಪುಟ್ಟ ಕೊಳವೆ ಇರುತ್ತಿತ್ತು. ಬೆರಳಿನಷ್ಟು ಉದ್ದ, ತಿರುಪಿನ ಮುಚ್ಚಳ. ಒಳಗೆ ಸುರುಳಿ ಸುತ್ತಿದ ಕಾಗದ. ಅದರಲ್ಲಿ ಹೆಸರು, ತಂದೆಯ ಹೆಸರು, ಹುಟ್ಟಿದ ವರ್ಷ, ಊರು, ಮನೆಯವರ ವಿಳಾಸ. ಸತ್ತರೆ ಗುರುತು ಹಿಡಿಯಲು. ಅದೇ ಅಳತೆಯ ಚೀಟಿ ಕತ್ತರಿಸಿ ಎಲ್ಲರಿಗೂ ಕೊಡುತ್ತೇನೆ. ತುಂಬಿಸಿ, ಸುರುಳಿ ಸುತ್ತಿ, ಪೆನ್ನಿನ ಮುಚ್ಚಳದಲ್ಲಿಟ್ಟು ಮೇಜಿನ ಮೇಲೆ ತಂದಿಡಿ ಎನ್ನುತ್ತೇನೆ. ಹೆಸರು, ಊರು ಚಕಚಕನೆ ಬರೆಯುತ್ತಾರೆ. ‘ಯಾರಿಗೆ ತಿಳಿಸಬೇಕು’ ಎಂಬ ಸಾಲಿಗೆ ಬಂದಾಗ ಪೆನ್ನು ನಿಲ್ಲುತ್ತದೆ. ಅಮ್ಮನ ಹೆಸರು ಬರೆದು ಹೊಡೆದುಹಾಕಿ ಮಾವನ ಹೆಸರು ಬರೆದವರಿದ್ದಾರೆ. ಒಬ್ಬಳು ಹುಡುಗಿ ಅಲ್ಲಿ ಏನನ್ನೂ ಬರೆಯದೆ ತಂದಿಟ್ಟಳು. ಯಾಕಮ್ಮ ಎಂದರೆ, ‘ಬರೆದರೆ ಹಾಗೇ ಆಗಿಬಿಡುತ್ತದೆ ಅನ್ನಿಸಿತು ಮೇಡಂ’ ಎಂದಳು.

ನಾನು ಹೇಳಬೇಕೆಂದಿದ್ದ ಮಾತನ್ನು ಅವಳೇ ಹೇಳಿಬಿಟ್ಟಿದ್ದಳು. ಬರೆದರೆ ಸಾವು ಬರುತ್ತದೆಂಬ ನಂಬಿಕೆಯಿಂದ ಎಷ್ಟೋ ಸೈನಿಕರು ಆ ಚೀಟಿಯನ್ನು ಖಾಲಿಯೇ ಇಟ್ಟುಕೊಂಡರು. 1942ರ ನವೆಂಬರಿನಲ್ಲಿ ಆ ಕೊಳವೆಗಳ ಬಳಕೆಯನ್ನೇ ಸೈನ್ಯ ಕೈಬಿಟ್ಟಿತು. ಇಂದಿಗೂ ಬೇಸಿಗೆಯಲ್ಲಿ ರಷ್ಯಾದ ಸ್ವಯಂಸೇವಕ ತಂಡಗಳು ಆ ಜೌಗುನೆಲಗಳಲ್ಲಿ ಸೈನಿಕರ ಮೂಳೆಗಳನ್ನು ಅಗೆದು ತೆಗೆದು ಮಣ್ಣು ಮಾಡುತ್ತವೆ. ಕೊಳವೆ ಸಿಕ್ಕರೂ ಒಳಗಿನ ಕಾಗದ ಬಿಳಿಯಾಗಿದ್ದರೆ ಆ ಹುಡುಗ ಯಾರೆಂದು ತಿಳಿಯುವುದಿಲ್ಲ. ಚಿತ್ರದ ನಾಲ್ವರು ಅದೇ ನೆಲವನ್ನು ಲಾಭಕ್ಕೆ ಅಗೆಯುತ್ತಿದ್ದರು ಎಂಬುದು ಮಕ್ಕಳಿಗೆ ಆಗ ಚುರುಕಾಗಿ ತಟ್ಟುತ್ತದೆ. ಮೇಜಿನ ಮೇಲಿನ ಪೆನ್ನಿನ ಮುಚ್ಚಳಗಳನ್ನು ವಾಪಸು ತೆಗೆದುಕೊಳ್ಳುವಾಗ ಯಾರೂ ತಳ್ಳಾಡುವುದಿಲ್ಲ.

ಕೊನೆಯಲ್ಲಿ ಹಚ್ಚೆಯ ಹುಡುಗ 2008ಕ್ಕೆ ಮರಳಿ ತೋಳಿನ ಸ್ವಸ್ತಿಕವನ್ನು ಕಲ್ಲಿನಿಂದ ಉಜ್ಜಿ ರಕ್ತ ಬರಿಸಿಕೊಳ್ಳುತ್ತಾನೆ. ನನಗೆ ಇದು ಒಳ್ಳೆಯ ದೃಶ್ಯ, ಆದರೆ ಅಷ್ಟೇ ಸುಲಭದ ದೃಶ್ಯ. ದಾರಿತಪ್ಪಿದ ಯುವಕನನ್ನು ಒಂದು ವಾರ ಯುದ್ಧಕ್ಕೆ ಕಳುಹಿಸಿದರೆ ಸರಿಹೋಗುತ್ತಾನೆ ಎಂಬ ಆಸೆ ಅದರೊಳಗಿದೆ. ಎಲ್ಲ ದೇಶಗಳ ಹಿರಿಯರಿಗೂ ಆ ಆಸೆ ಇದ್ದದ್ದೇ. ಇದನ್ನು ನಾನು ತರಗತಿಯಲ್ಲಿ ನೇರವಾಗಿ ಎತ್ತುತ್ತೇನೆ. ರಷ್ಯಾ 2022ರಲ್ಲಿ ಉಕ್ರೇನಿನ ಮೇಲೆ ಸೈನ್ಯ ನುಗ್ಗಿಸಿದಾಗ ನಾಜಿಗಳನ್ನು ತೊಲಗಿಸುವುದೇ ಗುರಿ ಎಂದಿತು. 1942ರ ಹುಡುಗರ ನೆನಪನ್ನು ಇಟ್ಟುಕೊಂಡೇ ಹೊಸ ಹುಡುಗರನ್ನು ಕಂದಕಕ್ಕೆ ಇಳಿಸಿದರು. ನಗರವೊಂದರ ಉರುಳು ಬಿಡಿಸಲು ಸತ್ತವರ ಬಗ್ಗೆ ಕೃತಜ್ಞತೆ ಇರಲೇಬೇಕು. ಆ ಕೃತಜ್ಞತೆಯನ್ನು ಯಾರು ಯಾವುದಕ್ಕೆ ಬಳಸುತ್ತಿದ್ದಾರೆ ಎಂದು ನೋಡುವ ಕಣ್ಣೂ ಇರಬೇಕು. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಹದಿನೇಳರ ಮಕ್ಕಳಿಗೆ ಅಸಾಧ್ಯವೆಂದು ಕೆಲವು ಸಹೋದ್ಯೋಗಿಗಳು ಹೇಳಿದರು. ಹಾಗೇನೂ ಇಲ್ಲ. ಅಪ್ಪನನ್ನು ಪ್ರೀತಿಸುತ್ತಲೇ ಅಪ್ಪನ ತಪ್ಪು ಹೇಳುವ ಮಕ್ಕಳು ಅವರು.

ಜಪಾನೀ ಚಿತ್ರವನ್ನು ಎರಡನೆಯದಾಗಿ ಇಟ್ಟದ್ದು ಇದಕ್ಕಾಗಿಯೇ. ಲೆನಿನ್‌ಗ್ರಾಡಿನ ಸೈನಿಕ ಸತ್ತದ್ದು ಯಾತಕ್ಕೆಂದು ಹೇಳಲು ಒಂದು ಉತ್ತರವಿದೆ. ಅಕಿರಾ ಹೊರಡುವ 1945ರ ಜೂನ್ ವೇಳೆಗೆ ಜರ್ಮನಿ ಶರಣಾಗಿತ್ತು, ಟೋಕಿಯೋ ಸುಟ್ಟುಹೋಗಿತ್ತು, ಓಕಿನಾವಾ ದ್ವೀಪ ಕೈಬಿಡುತ್ತಿತ್ತು. ಸೋಲು ತಡೆಯಲಾಗದ್ದೆಂದು ಬಲ್ಲವರೇ ಅವನನ್ನು ಕಳುಹಿಸಿದರು. ಎರಡೂ ಸಾವುಗಳನ್ನು ಒಂದೇ ಹೆಸರಿನಿಂದ ಕರೆಯಬಹುದೇ? ಈ ಪ್ರಶ್ನೆ ಎದುರಾಗಬೇಕಾದರೆ ಮೊದಲನೆಯ ಸಾವು ಮನಸ್ಸಿನಲ್ಲಿ ಇರಬೇಕು.

ಚಿತ್ರದ ಬಗ್ಗೆ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಪ್ರೇಮಕತೆ ಸಿಹಿ ಹೆಚ್ಚು. ಹಸಿವಿನ ಆ ವರ್ಷದಲ್ಲೂ ಮುಖಗಳು ತುಂಬಿಕೊಂಡಿವೆ, ಬಟ್ಟೆಗಳು ಸ್ವಚ್ಛ. ಆದೇಶ ಕೊಟ್ಟ ಅಧಿಕಾರಿಗಳು ಕತೆಯ ಅಂಚಿನಲ್ಲೇ ಉಳಿಯುತ್ತಾರೆ. ಜಪಾನಿನ ಸೈನ್ಯ ಚೀನಾದಲ್ಲಿ, ಕೊರಿಯಾದಲ್ಲಿ ಮಾಡಿದ್ದು ಕತೆಯೊಳಗೆ ಬರುವುದಿಲ್ಲ. ಆದರೂ ನಾನು ಇದನ್ನೇ ತೋರಿಸುತ್ತೇನೆ, ಯುರಿಗಾಗಿ. ಜಪಾನ್ ಸೋಲುತ್ತದೆ, ನೀವು ಸಾಯುವುದರಿಂದ ಏನೂ ಆಗುವುದಿಲ್ಲ ಎಂದು ಅವಳು ಹೇಳಿಬಿಡುತ್ತಾಳೆ. 1945ರಲ್ಲಿ ಆ ಮಾತಿಗೆ ಪೊಲೀಸರು ಹಿಡಿದೊಯ್ಯುತ್ತಿದ್ದರು. ನಮ್ಮ ಹುಡುಗಿಯರಲ್ಲಿ ಕೆಲವರು ಆ ದೃಶ್ಯದಲ್ಲಿ ಕುರ್ಚಿಯ ತುದಿಗೆ ಬರುತ್ತಾರೆ. ಅವರು ಕೇಳಬೇಕೆಂದುಕೊಂಡದ್ದನ್ನು ಒಬ್ಬಳು ಕೇಳಿದಳಲ್ಲ ಎಂಬಂತೆ.

ಮತ್ತೊಂದು ಎಳೆಯೂ ಇದೆ. ಅಕಿರಾನ ತುಕಡಿಯ ಇತಾಕುರಾ ಎಂಬವನು ತನಗಾಗಿ ಕಾಯುತ್ತಿರುವ ಹುಡುಗಿಗಾಗಿ ಓಡಿಹೋಗಲು ತೀರ್ಮಾನಿಸುತ್ತಾನೆ. ಅವನನ್ನು ಹೇಡಿ ಎನ್ನಬೇಕೇ? ಪ್ರತಿ ವರ್ಷ ತರಗತಿ ಇಲ್ಲಿ ಎರಡಾಗುತ್ತದೆ, ಮತ್ತು ಯಾರು ಯಾವ ಕಡೆ ಎಂಬುದು ನನ್ನ ಊಹೆಗೆ ಸಿಗುವುದಿಲ್ಲ. ಸೈನಿಕರ ಮನೆಯ ಹುಡುಗನೊಬ್ಬ ಎದ್ದು ನಿಂತು ಇತಾಕುರಾನ ಪರ ವಾದಿಸಿದ್ದಾನೆ: ಹೋರಾಡಲು ಕಳುಹಿಸುವುದು ಬೇರೆ, ಸಾಯಲೆಂದೇ ಕಳುಹಿಸುವುದು ಬೇರೆ, ನಮ್ಮ ಅಪ್ಪ ಯಾವತ್ತೂ ತನ್ನ ಜವಾನರಿಗೆ ಅಂಥ ಆದೇಶ ಕೊಡುವುದಿಲ್ಲ ಎಂದು. ಆ ವ್ಯತ್ಯಾಸವನ್ನು ನಾನು ಎಷ್ಟು ವಿವರಿಸಿದರೂ ಅವನ ಮಾತಿನ ತೂಕ ಬರುತ್ತಿರಲಿಲ್ಲ.

ಅಳು ಬರುತ್ತದೆ, ಬರಲಿ. ಆದರೆ ಅಳುವಿನ ಮರುದಿನವೇ ನಾನು ಸಿನಿಮಾವನ್ನು ಬದಿಗಿಟ್ಟು ದಾಖಲೆಗಳನ್ನು ತೆಗೆಯುತ್ತೇನೆ. ಚಿತ್ರದಲ್ಲಿ ಯುರಿ ತನ್ನ ಕಾಲಕ್ಕೆ ಮರಳಿ ಶಾಲೆಯವರೊಡನೆ ಹೋಗುವ ವಸ್ತುಸಂಗ್ರಹಾಲಯದಂಥದ್ದು ನಿಜವಾಗಿಯೂ ಇದೆ: ಕ್ಯುಶು ದ್ವೀಪದ ಕಾಗೋಶಿಮಾ ಪ್ರಾಂತ್ಯದ ಚಿರಾನ್‌ನಲ್ಲಿ. ಓಕಿನಾವಾ ಹೋರಾಟದಲ್ಲಿ ಹೀಗೆ ಸತ್ತ ಭೂಸೇನೆಯ 1,036 ಮಂದಿಯ ಭಾವಚಿತ್ರಗಳೂ ಅನೇಕರ ಕೊನೆಯ ಪತ್ರಗಳೂ ಅಲ್ಲಿವೆ. ಇವರಲ್ಲಿ 439 ಮಂದಿ ಹೊರಟದ್ದು ಚಿರಾನ್ ನೆಲೆಯಿಂದಲೇ. ಊರಿನ ಬಾಲಕಿಯರ ಶಾಲೆಯ ಮಕ್ಕಳನ್ನು ಅವರ ಬಟ್ಟೆ ಒಗೆಯಲು, ಅಡುಗೆಗೆ, ಬೀಳ್ಕೊಡುಗೆಗೆ ಹಚ್ಚಿದ್ದರು; ಚೆರಿ ಹೂವಿನ ಕೊಂಬೆ ಬೀಸುತ್ತಾ ವಿಮಾನ ಬೀಳ್ಕೊಡುವ ಬಾಲಕಿಯರ ಚಿತ್ರ ಜಗತ್ತೆಲ್ಲ ಸುತ್ತಿದೆ. ಸಿನಿಮಾದಲ್ಲಿ ಊಟದ ಮನೆ ನಡೆಸುವ ತಾಯಿಯೊಬ್ಬರಿದ್ದಾರೆ, ಅವರಿಗೂ ನಿಜಜೀವನದ ಮಾದರಿ ಇದ್ದಾರೆ: ಚಿರಾನ್‌ನಲ್ಲಿ ಊಟದ ಮನೆ ನಡೆಸುತ್ತಿದ್ದ ತೊರಿಹಾಮಾ ತೊಮೆ. ಸೈನ್ಯದ ತನಿಖೆಗೆ ಸಿಗಬಾರದ ಪತ್ರಗಳನ್ನು ಹುಡುಗರು ಅವರ ಕೈಗೆ ಕೊಡುತ್ತಿದ್ದರು, ಅವರು ಗುಟ್ಟಾಗಿ ಅಂಚೆಗೆ ಹಾಕುತ್ತಿದ್ದರು. ಅಂದರೆ ತನಿಖೆಯಾದ ಪತ್ರ ಬೇರೆ, ತೊಮೆ ಅವರ ಕೈಗೆ ಹೋದ ಪತ್ರ ಬೇರೆ. ಆಕರವೊಂದನ್ನು ಓದುವಾಗ ಅದು ಯಾರ ಕಣ್ಣು ದಾಟಿ ಬಂದಿದೆ ಎಂದು ಕೇಳಬೇಕೆಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಉದಾಹರಣೆ ನನಗೆ ಸಿಕ್ಕಿಲ್ಲ.

ಮೊದಲು ತೋರಿಸುವುದು ಒಂದು ಕಪ್ಪುಬಿಳುಪು ಛಾಯಾಚಿತ್ರ. ಬನ್ಸೆಯಿ ಎಂಬ ಇನ್ನೊಂದು ವಿಮಾನನೆಲೆ, 1945ರ ಮೇ 26. ಐವರು ಹುಡುಗರು ವಿಮಾನಿಗಳ ಉಡುಪಿನಲ್ಲಿ ನಗುತ್ತಿದ್ದಾರೆ. ನಡುವಿನವನ ಕೈಯಲ್ಲಿ ನಾಯಿಮರಿ. ಅವನು ಅರಾಕಿ ಯುಕಿಓ, ಹದಿನೇಳು ವರ್ಷ, ಮರುದಿನ ಹೊರಟ. ವಯಸ್ಸನ್ನು ನಾನು ಮೊದಲು ಹೇಳುವುದಿಲ್ಲ. ಚಿತ್ರದಲ್ಲಿ ಏನೇನು ಕಾಣುತ್ತಿದೆ ಎಂದು ಪಟ್ಟಿ ಮಾಡಿಸುತ್ತೇನೆ. ಮರಿಯ ಕಿವಿ, ಹಣೆಪಟ್ಟಿ, ಕೊರಳಿಗೆ ಸುತ್ತಿದ ಬಟ್ಟೆ, ಒಬ್ಬನ ಕೈ ಇನ್ನೊಬ್ಬನ ಹೆಗಲ ಮೇಲಿರುವುದು. ಯಾವುದೋ ಪಿಕ್‌ನಿಕ್ ಎನ್ನುತ್ತಾರೆ. ಆಮೇಲೆ ತಾರೀಕು, ವಯಸ್ಸು.

ನಂತರ ಉಎಹಾರಾ ರ‍್ಯೋಜಿ. ನಾಗಾನೊ ಪ್ರಾಂತ್ಯದವನು, ಕೇಯೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ವಿದ್ಯಾರ್ಥಿ. 1943ರಲ್ಲಿ ವಿದ್ಯಾರ್ಥಿಗಳಿಗಿದ್ದ ವಿನಾಯಿತಿ ತೆಗೆದಾಗ ಸೈನ್ಯಕ್ಕೆ ಸೇರಬೇಕಾಯಿತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ 1945ರ ಮೇ 11ರಂದು ಚಿರಾನ್‌ನಿಂದ ಹೊರಟ. ಹಿಂದಿನ ರಾತ್ರಿ ಅವನು ಬರೆದಿಟ್ಟ ಟಿಪ್ಪಣಿಯಲ್ಲಿ ಚಕ್ರವರ್ತಿಯ ಜಯಕಾರವಿಲ್ಲ. ಸ್ವಾತಂತ್ರ್ಯವನ್ನು ಹತ್ತಿಕ್ಕಿದ ರಾಜ್ಯ ಎಷ್ಟೇ ಬಲಶಾಲಿಯಾಗಿ ಕಂಡರೂ ಕೊನೆಗೆ ಸೋಲುತ್ತದೆ ಎನ್ನುತ್ತಾನೆ. ಇಟಲಿ, ಜರ್ಮನಿಗಳನ್ನು ತೋರಿಸುತ್ತಾನೆ. ದಾಳಿಯ ವಿಮಾನ ನಡೆಸುವವನು ಯಂತ್ರದ ಒಂದು ಭಾಗ, ಅವನಿಗೆ ವ್ಯಕ್ತಿತ್ವವಿಲ್ಲ ಎನ್ನುತ್ತಾನೆ. ನಾಳೆ ಸ್ವಾತಂತ್ರ್ಯವನ್ನು ನಂಬಿದ ಒಬ್ಬನು ಈ ಲೋಕದಿಂದ ಹೋಗುತ್ತಾನೆ ಎಂದು ತನ್ನ ಬಗ್ಗೆಯೇ ಬರೆದು, ಹೋದ.

ಇದನ್ನು ಓದಿದಾಗ ತರಗತಿ ಕೋಪಗೊಳ್ಳುತ್ತದೆ. ನನಗೆ ಬೇಕಾದದ್ದು ಆ ಕೋಪ. ಎಲ್ಲ ಗೊತ್ತಿದ್ದೂ ಯಾಕೆ ಹೋದ? ಬೇಡ ಎನ್ನಬಹುದಿತ್ತಲ್ಲ? ಆಗ ಆಯ್ಕೆಯ ಕಾಗದದ ವಿಷಯ ಹೇಳುತ್ತೇನೆ. ಕೆಲವು ತುಕಡಿಗಳಲ್ಲಿ ಒಂದು ಹಾಳೆ ಹಂಚಿದ್ದರು: ‘ತೀವ್ರವಾಗಿ ಬಯಸುತ್ತೇನೆ’, ‘ಬಯಸುತ್ತೇನೆ’, ‘ಬಯಸುವುದಿಲ್ಲ’. ಒಂದಕ್ಕೆ ಗುರುತು ಹಾಕಿ ಹೆಸರು ಬರೆದು ಮೇಲಧಿಕಾರಿಗೆ ಕೊಡಬೇಕು. ಸ್ವಯಂಪ್ರೇರಣೆ ಎಂದರೆ ಇದು. ಹಿಂದಿನ ಬೆಂಚಿನ ಹುಡುಗನೊಬ್ಬ, ಹೆಚ್ಚು ಮಾತಾಡದವನು, ‘ಹೆಸರು ಬರೆಯಬೇಕೆಂದರೆ ಅದು ಕೇಳಿದ್ದೇ ಅಲ್ಲ ಮೇಡಂ’ ಎಂದ. ಎಲ್ಲರೂ ತಿರುಗಿ ನೋಡಿದರು.

ಇಲ್ಲಿಂದ ಮುಂದೆ ನಾನು ಗಟ್ಟಿಯಾಗಿ ನಂಬಿರುವ ಮಾತು ಬರುತ್ತದೆ. ಸತ್ತ ಹುಡುಗನನ್ನು ಗೌರವಿಸುವುದಕ್ಕೂ ಅವನನ್ನು ಸಾಯಲು ಕಳುಹಿಸಿದ ಆದೇಶವನ್ನು ಗೌರವಿಸುವುದಕ್ಕೂ ನಡುವೆ ಗೋಡೆ ಕಟ್ಟಲೇಬೇಕು. ಕಾಲಯಾನದ ಚಿತ್ರಗಳು ಆ ಹುಡುಗನನ್ನು ನಮ್ಮ ಪಕ್ಕ ತಂದು ಕೂರಿಸುತ್ತವೆ, ಅವನನ್ನು ಪ್ರೀತಿಸುವಂತೆ ಮಾಡುತ್ತವೆ. ಅದು ದೊಡ್ಡ ಉಪಕಾರ. ಆದರೆ ಪ್ರೀತಿ ಹುಟ್ಟಿದ ಮೇಲೆ ಅವನ ಸಾವೇ ಸುಂದರವಾಗಿ ಕಾಣತೊಡಗುತ್ತದೆ. ಅಲ್ಲಿಂದ ಆದೇಶವೂ ಸುಂದರವಾಗಲು ಒಂದೇ ಹೆಜ್ಜೆ. ನಿಜವಾಗಿ ಪ್ರೀತಿಸುವವರು ಮೊದಲು ಕೇಳಬೇಕಾದದ್ದು, ಇವನನ್ನು ನಮ್ಮಿಂದ ಕಿತ್ತುಕೊಂಡವರು ಯಾರು ಎಂದು.

ಈ ವಿಷಯ ಹಳೆಯದಲ್ಲ ಎಂದು ತೋರಿಸಲು 2024ರ ಒಂದು ಘಟನೆ ಇದೆ. ಪ್ಯಾರಿಸ್ ಒಲಿಂಪಿಕ್ಸ್‌ನ ಟೇಬಲ್ ಟೆನಿಸ್‌ನಲ್ಲಿ ಪದಕ ಗೆದ್ದು ಮರಳಿದ ಜಪಾನಿನ ಹಯಾತಾ ಹಿನಾ, ಇನ್ನು ಎಲ್ಲಿಗೆ ಹೋಗಬೇಕೆಂದಿದ್ದೀರಿ ಎಂಬ ಪ್ರಶ್ನೆಗೆ ಚಿರಾನ್‌ನ ವಸ್ತುಸಂಗ್ರಹಾಲಯದ ಹೆಸರು ಹೇಳಿದರು. ತಾನು ಬದುಕಿರುವುದು, ಆಡುತ್ತಿರುವುದು ತಾನಾಗಿ ಬಂದ ಭಾಗ್ಯವಲ್ಲ ಎಂಬುದನ್ನು ಅಲ್ಲಿ ಅನುಭವಿಸಬೇಕು ಎಂಬುದು ಅವರ ಮಾತಿನ ಸಾರ. ಜಪಾನಿನಲ್ಲಿ ಅನೇಕರು ಮೆಚ್ಚಿದರು. ಚೀನಾದಲ್ಲಿ, ದಕ್ಷಿಣ ಕೊರಿಯಾದಲ್ಲಿ ಸಿಟ್ಟು ಎದ್ದಿತು. ಚೀನಾದ ಪ್ರಮುಖ ಆಟಗಾರರು ಸಾಮಾಜಿಕ ಜಾಲತಾಣದಲ್ಲಿ ಅವರನ್ನು ಅನುಸರಿಸುವುದನ್ನು ಬಿಟ್ಟರು. ಈ ಪ್ರಸಂಗವನ್ನು ಮಕ್ಕಳ ಮುಂದಿಟ್ಟು ಮೂರು ಗುಂಪು ಮಾಡುತ್ತೇನೆ. ಒಂದು ಗುಂಪು ಹಯಾತಾ ಪರ, ಒಂದು ಚೀನಾದ ನಾನ್‌ಜಿಂಗ್‌ನ ಕುಟುಂಬವೊಂದರ ಪರ, ಮತ್ತೊಂದು ಕೊರಿಯಾದ ಪರ ಬರೆಯಬೇಕು. 1937ರಲ್ಲಿ ನಾನ್‌ಜಿಂಗ್‌ನಲ್ಲಿ ಜಪಾನೀ ಸೈನ್ಯ ನಡೆಸಿದ ಹತ್ಯಾಕಾಂಡದ ಬಗ್ಗೆ ಓದಿಕೊಂಡು ಬಂದವರಿಗೆ ಚೀನಾದ ಸಿಟ್ಟು ಅರ್ಥವಾಗುತ್ತದೆ. ಹಯಾತಾ ಹೇಳಿದ್ದರಲ್ಲಿ ದ್ವೇಷದ ಒಂದು ಅಕ್ಷರವೂ ಇರಲಿಲ್ಲ ಎಂಬುದೂ ಅರ್ಥವಾಗುತ್ತದೆ.

ಕೊರಿಯಾದ ಗುಂಪಿಗೆ ನಾನು ಒಂದು ಹೆಸರು ಕೊಡುತ್ತೇನೆ: ತಾಕ್ ಕ್ಯೊಂಗ್-ಹ್ಯೊನ್. ಸೈನ್ಯದ ದಾಖಲೆಯಲ್ಲಿ ಅವನದು ಜಪಾನೀ ಹೆಸರು, ಮಿತ್ಸುಯಾಮಾ ಫುಮಿಹಿರೊ. ಹೊರಡುವ ಹಿಂದಿನ ರಾತ್ರಿ ತೊಮೆ ಅವರ ಊಟದ ಮನೆಯಲ್ಲಿ, ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡು ತನ್ನ ನಾಡಿನ ‘ಅರಿರಂಗ್’ ಹಾಡಿದನೆಂದು ತೊಮೆ ನೆನಪಿಸಿಕೊಳ್ಳುತ್ತಿದ್ದರು. ತನ್ನ ದೇಶವನ್ನು ವಸಾಹತು ಮಾಡಿಕೊಂಡವರ ಬಾವುಟದಡಿ ಸತ್ತವನು. ಅವನ ತ್ಯಾಗ ಯಾರಿಗೆ ಸಲ್ಲಬೇಕು?

ಕೊಡಗಿನ ತರಗತಿಯಲ್ಲಿ ಈ ಪ್ರಶ್ನೆ ಜಪಾನಿನಲ್ಲೇ ನಿಲ್ಲುವುದಿಲ್ಲ. ಕಾಲಯಾನದ ಮೂರನೆಯ ಸಿನಿಮಾ ಅವರ ಮನೆಯಲ್ಲೇ ಇದೆ. ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೈನ್ಯ ಇಪ್ಪತ್ತೈದು ಲಕ್ಷಕ್ಕೆ ಬೆಳೆಯಿತು. ಸತ್ತವರು ಎಂಬತ್ತು ಸಾವಿರಕ್ಕೂ ಹೆಚ್ಚು. ನಮ್ಮ ಕಡೆಯ ಎಷ್ಟೋ ಮುತ್ತಜ್ಜಂದಿರು ಬರ್ಮಾದಲ್ಲಿ ಜಪಾನೀಯರ ವಿರುದ್ಧ ಹೋರಾಡಿದವರು, ಬ್ರಿಟಿಷ್ ಬಾವುಟದಡಿ. ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದು ಒಂದು ಪುಟದ ಪ್ರಶ್ನಾವಳಿ ಕೊಡುತ್ತೇನೆ. ಯಾವ ರೆಜಿಮೆಂಟು, ಯಾವ ಊರುಗಳ ಹೆಸರು ಹೇಳುತ್ತಿದ್ದರು, ಮನೆಗೆ ಬಂದ ಮೇಲೆ ಏನನ್ನು ಹೇಳಲು ಒಪ್ಪುತ್ತಿರಲಿಲ್ಲ. ಕೊನೆಯ ಪ್ರಶ್ನೆಗೆ ಬರುವ ಉತ್ತರಗಳೇ ಹೆಚ್ಚು ಬೆಲೆಯವು.

ಒಬ್ಬ ಹುಡುಗ ಕಬ್ಬಿಣದ ಪೆಟ್ಟಿಗೆಯ ತಳದಿಂದ ಬರ್ಮಾ ಸ್ಟಾರ್ ಪದಕ ತಂದ. ಆರು ಮೂಲೆಯ ತಾಮ್ರವರ್ಣದ ನಕ್ಷತ್ರ, ನಡುವೆ ಕಿರೀಟದ ಕೆಳಗೆ ಹೆಣೆದುಕೊಂಡ ರಾಜನ ಹೆಸರಿನ ಅಕ್ಷರಗಳು. ಕಡುನೀಲಿ ಪಟ್ಟಿಯ ಮಧ್ಯದ ಕೆಂಪು ಮಾಸಿ ಇಟ್ಟಿಗೆ ಬಣ್ಣವಾಗಿತ್ತು. ಕೈಯಿಂದ ಕೈಗೆ ಹೋಯಿತು. ಒಬ್ಬಳು ಅದನ್ನು ಹಿಡಿದುಕೊಂಡೇ, ‘ಹಾಗಾದರೆ ಇವರ ಮುತ್ತಜ್ಜ ಗುಂಡು ಹಾರಿಸಿದ್ದು ಅಕಿರಾನಂಥವರ ಮೇಲೆಯೇ’ ಎಂದಳು. ಹೌದು. 1944ರಲ್ಲಿ ಇಂಫಾಲ, ಕೊಹಿಮಾಗಳ ಮೇಲೆ ಬಂದ ಜಪಾನೀ ಸೈನ್ಯಕ್ಕೆ ಸರಿಯಾಗಿ ಆಹಾರ ಪೂರೈಸುವ ವ್ಯವಸ್ಥೆಯೇ ಇರಲಿಲ್ಲ; ಹಿಂದೆ ಸರಿಯುವಾಗ ಹಸಿವು, ಮಲೇರಿಯಾ, ಭೇದಿಯಿಂದ ಸಾವಿರಾರು ಮಂದಿ ದಾರಿಯುದ್ದಕ್ಕೂ ಸತ್ತರು. ಸಿನಿಮಾದಲ್ಲಿ ಯಾರಿಗಾಗಿ ಅತ್ತರೋ ಅವರು ಮನೆಯ ಕತೆಯಲ್ಲಿ ಶತ್ರು. ಇದನ್ನು ನಾನು ಬಿಡಿಸಿ ಹೇಳುವುದಿಲ್ಲ. ಅವರೇ ಅದರೊಡನೆ ಗುದ್ದಾಡಬೇಕು.

ಮರಳದವರನ್ನು ಹುಡುಕಲು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣ ಬಳಸುತ್ತೇವೆ. ಹೆಸರು, ರೆಜಿಮೆಂಟು, ಸತ್ತ ದಿನ, ಕೆಲವರಿಗೆ ತಂದೆಯ ಹೆಸರು ಮತ್ತು ಊರು ಸಿಗುತ್ತವೆ. ಇಂಗ್ಲಿಷ್ ಕಾಗುಣಿತ ಗುಮಾಸ್ತನ ಕಿವಿಗೆ ಕೇಳಿಸಿದಂತೆ ಇರುವುದರಿಂದ ಒಂದೇ ಹೆಸರನ್ನು ಹಲವು ಬಗೆಯಲ್ಲಿ ಬರೆದು ನೋಡಬೇಕು. ಊರಿನ ಹೆಸರಿಗೂ ಅದೇ ಪಾಡು. ಬರ್ಮಾ ಹೋರಾಟದಲ್ಲಿ ಸತ್ತು ಸಮಾಧಿಯಿಲ್ಲದ ಸುಮಾರು ಇಪ್ಪತ್ತೇಳು ಸಾವಿರ ಮಂದಿಯ ಹೆಸರುಗಳು ಯಾಂಗೋನ್ ಬಳಿಯ ಟೌಕ್ಯಾನ್ ಸ್ಮಾರಕದ ಕಂಬಗಳಲ್ಲಿವೆ. ಲೆನಿನ್‌ಗ್ರಾಡಿನ ಖಾಲಿ ಚೀಟಿ ನೆನಪಿರುವ ಮಕ್ಕಳು ಈ ಹುಡುಕಾಟವನ್ನು ಬಿಡುವುದಿಲ್ಲ. ಗಂಟೆ ಹೊಡೆದರೂ ಏಳುವುದಿಲ್ಲ.

ಕೊನೆಯ ಕೆಲಸ ಒಂದು ಪತ್ರ. ನೀವು ಕಾಲ ದಾಟಿ ಹೋಗಿದ್ದೀರಿ, ಅವನು ನಾಳೆ ಹೊರಡುತ್ತಾನೆ, ಅವನಿಗೆ ಬರೆಯಿರಿ. ಸಿನ್ಯಾವಿನೊ, ಚಿರಾನ್, ಕೊಹಿಮಾ, ಯಾವುದಾದರೂ ಸರಿ. ಒಂದೇ ನಿಯಮ: ವೀರ, ಹುತಾತ್ಮ, ಬಲಿದಾನ, ಅಮರ ಈ ನಾಲ್ಕು ಪದ ಬಳಸಬಾರದು. ಮೊದಲಿಗೆ ಒದ್ದಾಡುತ್ತಾರೆ. ಆಮೇಲೆ ಬರುವ ಸಾಲುಗಳು ಬೇರೆಯೇ. ನಿನ್ನ ಅಮ್ಮನಿಗೆ ಮುಂದೆ ಏನಾಯಿತೆಂದು ನನಗೆ ಗೊತ್ತು, ಹೇಳಲೇ ಬೇಡವೇ ಎಂದು ಒಬ್ಬಳು ಬರೆದಳು. ಹೋಗಬೇಡ ಎನ್ನುವ ಹಕ್ಕು ನನಗಿದೆಯೇ, ನೀನು ಹೋಗದಿದ್ದರೆ ಆ ನಗರದ ಮಕ್ಕಳ ಗತಿ ಏನು ಎಂದು ಲೆನಿನ್‌ಗ್ರಾಡಿನ ಸೈನಿಕನಿಗೆ ಇನ್ನೊಬ್ಬ ಕೇಳಿದ. ಈ ಪತ್ರಗಳಿಗೆ ನಾನು ಅಂಕ ಹಾಕುವುದಿಲ್ಲ.

ಇಷ್ಟಕ್ಕೆಲ್ಲ ಪಾಠಪಟ್ಟಿಯಲ್ಲಿ ಸಮಯವಿಲ್ಲ. ಶನಿವಾರದ ಮಧ್ಯಾಹ್ನಗಳನ್ನು ಹೊಂದಿಸಿಕೊಳ್ಳುತ್ತೇನೆ. ಮಾಡಿ ನೋಡಲು ಬಯಸುವ ಉಪನ್ಯಾಸಕರಿಗೆ ಒಂದು ಮಾತು: ಸಿನಿಮಾ ತೋರಿಸಿ ಅಲ್ಲಿಗೇ ಬಿಡುವುದಾದರೆ ಜಪಾನೀ ಚಿತ್ರವನ್ನು ತೋರಿಸಬೇಡಿ. ಪತ್ರಗಳಿಗೆ, ಆಯ್ಕೆಯ ಕಾಗದಕ್ಕೆ, ಕೊರಿಯಾದ ಹುಡುಗನಿಗೆ ಬಿಡುವಿದ್ದರೆ ಮಾತ್ರ ತೋರಿಸಿ.

ಈ ವರ್ಷ ಮಡಿಕೇರಿಯ ‘ಸನ್ನಿಸೈಡ್’ಗೂ ಮಕ್ಕಳನ್ನು ಕರೆದೊಯ್ಯುತ್ತಿದ್ದೇನೆ. ಜನರಲ್ ತಿಮ್ಮಯ್ಯನವರ ಆ ಮನೆ ಈಗ ವಸ್ತುಸಂಗ್ರಹಾಲಯ. ಬರ್ಮಾದ ಅರಕಾನಿನಲ್ಲಿ ಜಪಾನೀಯರ ವಿರುದ್ಧ ಹೋರಾಡಿದವರು ಅವರು. ಯುದ್ಧ ಮುಗಿದ ಮೇಲೆ 268ನೇ ಭಾರತೀಯ ಪದಾತಿ ಬ್ರಿಗೇಡಿನ ನೇತೃತ್ವ ವಹಿಸಿ ಸೋತ ಜಪಾನಿಗೇ ಹೋದವರು. ಅವರ ಸಹೋದರರೊಬ್ಬರು ಸುಭಾಷರ ಆಜಾದ್ ಹಿಂದ್ ಫೌಜ್ ಸೇರಿದ್ದರು, ಅಂದರೆ ಜಪಾನೀಯರ ಪಕ್ಕದಲ್ಲಿ. ಒಂದೇ ತಾಯಿಯ ಮಕ್ಕಳು, ಎದುರುಬದುರು ಸೈನ್ಯಗಳು. ತಾಕ್ ಕ್ಯೊಂಗ್-ಹ್ಯೊನ್ ಬಗ್ಗೆ ಬರೆದ ಗುಂಪಿಗೆ ಅಲ್ಲಿ ಮಾತಾಡುವ ಹೊಣೆ ಕೊಟ್ಟಿದ್ದೇನೆ. ಪ್ರಶ್ನೆಗಳನ್ನು ಅವರೇ ಸಿದ್ಧಪಡಿಸುತ್ತಿದ್ದಾರೆ. ನನಗೆ ಇನ್ನೂ ತೋರಿಸಿಲ್ಲ.